ಆಕಾಶದಿಂದ ಇಳಿದ ಕೈ

ಹಳ್ಳಿ ಮನೆಯ ಟಾರ್ಚಿಗೆ ಹಾಕುತ್ತಿದ್ದ ಎವರೆಡಿ ಸೆಲ್ ನೆನಪಿದೆಯೇ? ಭಾರತದಲ್ಲಿ ಅದನ್ನು ತಯಾರಿಸುತ್ತಿದ್ದುದು ಅಮೆರಿಕದ ಯೂನಿಯನ್ ಕಾರ್ಬೈಡಿನ ಅಂಗಸಂಸ್ಥೆ. 1960ರ ದಶಕದ ಆರಂಭದಲ್ಲಿ ಮಾತೃಸಂಸ್ಥೆಯು ಅಮೆರಿಕದ ಪತ್ರಿಕೆಗಳಲ್ಲಿ ಭಾರತದ ಕುರಿತೇ ಒಂದು ಜಾಹೀರಾತು ನೀಡಿತು. ಎತ್ತು ಕಟ್ಟಿ ಉಳುವ ರೈತ. ಅವನ ನೆಲದ ಮೇಲೆ ಆಕಾಶದಿಂದ ಇಳಿದ ದೈತ್ಯ ಕೈಯೊಂದು ರಾಸಾಯನಿಕ ಸುರಿಯುತ್ತಿದೆ. ಹೊಸ ಭಾರತ ಕಟ್ಟಲು ವಿಜ್ಞಾನ ನೆರವಾಗುತ್ತಿದೆ ಎಂಬುದು ತಲೆಬರಹದ ಸಾರ. ಓದುಗ ಅಂಗಡಿಗೆ ಹೋಗಿ ಕೊಳ್ಳಬೇಕಾದ್ದು ಏನೂ ಇಲ್ಲ. ಕಂಪನಿಯ ಬಗ್ಗೆ ಒಳ್ಳೆಯ ಭಾವನೆ ಮೂಡಿದರೆ ಸಾಕು. ವರ್ಚಸ್ಸಿನ ಜಾಹೀರಾತು ಎಂದರೆ ಇದೇ.

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿದ್ದ ಕಾರ್ಬೈಡಿನ ಕೀಟನಾಶಕ ಕಾರ್ಖಾನೆಯಿಂದ ಸುಮಾರು 40 ಟನ್ ಮೀಥೈಲ್ ಐಸೋಸಯನೇಟ್ ಸೋರಿತು. ಸಾವಿರಾರು ಜನ ಸತ್ತರು. ಹಳೆಯ ಚಿತ್ರದ ಆ ಕೈಯನ್ನು ಈಗ ಯಾರೂ ಮೊದಲಿನಂತೆ ನೋಡಲಾರರು.

2001ರಲ್ಲಿ ಕಾರ್ಬೈಡನ್ನು ಕೊಂಡ ಡೌ ಕೆಮಿಕಲ್, ಭೋಪಾಲದ ಹೊಣೆ ತನ್ನದಲ್ಲ ಎಂದಿತು. 2006ರಲ್ಲಿ ಅದೂ ಒಂದು ಜಾಹೀರಾತು ಸರಣಿ ಹೊರಡಿಸಿತು. ಮೂಲವಸ್ತುಗಳ ಕೋಷ್ಟಕಕ್ಕೆ 'ಮಾನವ' ಎಂಬ ಹೊಸ ಮೂಲವಸ್ತು ಸೇರಿಸುವ ಕಲ್ಪನೆ; ಜಾಣತನದ್ದೇ, ಒಪ್ಪಬೇಕು. ಆಗ ಭೋಪಾಲದ ಕಾರ್ಖಾನೆಯ ಆವರಣದಲ್ಲಿ ವಿಷತ್ಯಾಜ್ಯ ಬಿದ್ದೇ ಇತ್ತು. ಸುತ್ತಲ ಬಡಾವಣೆಗಳ ಅಂತರ್ಜಲ ಕೆಟ್ಟಿತ್ತು. ಆ ತ್ಯಾಜ್ಯದಲ್ಲಿ 337 ಟನ್ ಲಾರಿ ಏರಿದ್ದು 2025ರ ಜನವರಿಯಲ್ಲಿ.