ಶಾಸನ ಬಿಟ್ಟದ್ದು, ಪಾಡ್ದನ ಹಿಡಿದದ್ದು

ಮೆಮೊಯರ್ ಅಂದ್ರೆ ಆತ್ಮಕಥೆಯೇ ಅಲ್ವಾ ಅಂತ ಆಫೀಸಿನ ಗೆಳೆಯರು ಕೇಳ್ತಾರೆ. ಪೂರ್ತಿ ಅಲ್ಲ. ಆತ್ಮಕಥೆ ಹುಟ್ಟಿದಲ್ಲಿಂದ ಶುರುವಾಗಿ ಇಡೀ ಬದುಕಿನ ಲೆಕ್ಕ ಒಪ್ಪಿಸುತ್ತೆ. ನೆನಪಿನ ಬರಹ ಬದುಕಿನ ಒಂದು ತುಂಡನ್ನಷ್ಟೇ ಹಿಡಿದು, ಅದು ಇನ್ನೂ ಯಾಕೆ ಮನಸ್ಸಲ್ಲಿ ಉಳಿದಿದೆ ಅಂತ ನೋಡುತ್ತೆ. ಶಿವರಾಮ ಕಾರಂತರು ಎರಡನ್ನೂ ಬರೆದರು: 1948ರಲ್ಲಿ ‘ಹುಚ್ಚು ಮನಸ್ಸಿನ ಹತ್ತು ಮುಖಗಳು’, ಅದಾಗಿ ಎಷ್ಟೋ ವರ್ಷಗಳ ಮೇಲೆ ‘ಸ್ಮೃತಿಪಟಲದಿಂದ’.

ಆದರೆ ನೆನಪು ಅನ್ನೋದು ಹೇಗೆ ಕೆಲಸ ಮಾಡುತ್ತೆ ಅಂತ ನೋಡಬೇಕಾದ್ರೆ ನಮ್ಮ ಕಡೆಯ ವೇಣೂರಿಗೆ ಬನ್ನಿ.

ಫಲ್ಗುಣಿ ನದಿಯ ದಡದಲ್ಲಿ ಸುಮಾರು 35 ಅಡಿ ಎತ್ತರದ ಬಾಹುಬಲಿ ನಿಂತಿದ್ದಾನೆ. ಅಲ್ಲಿನ ಶಾಸನಗಳ ಪ್ರಕಾರ ಇದನ್ನು ನಿಲ್ಲಿಸಿದ್ದು ಅಜಿಲ ವಂಶದ ತಿಮ್ಮರಾಜ, 1604ರ ಮಾರ್ಚ್ 1ರಂದು. ಅವನ ತಾಯಿ ಪಾಂಡ್ಯಕದೇವಿಯ ಹೆಸರಿದೆ, ಬೆಳ್ಗೊಳದ ಚಾರುಕೀರ್ತಿ ಗುರುಗಳ ಹೆಸರಿದೆ, ತಿಥಿ, ವಾರ, ನಕ್ಷತ್ರ ಎಲ್ಲಾ ಇದೆ. ಒಂಥರಾ ರಿಲೀಸ್ ನೋಟ್. ಯಾರು ನಿದ್ದೆಗೆಟ್ಟು ಕೆಲಸ ಮಾಡಿದ್ರು ಅನ್ನೋದು ರಿಲೀಸ್ ನೋಟಲ್ಲಿ ಬರಲ್ಲ, ನೋಡಿ.

ಅದು ಬರೋದು ತುಳು ಪಾಡ್ದನದಲ್ಲಿ. ಶಿಲ್ಪಿ ಬೀರ ಕಲ್ಕುಡ ಕಾರ್ಕಳದ ಗೊಮ್ಮಟನನ್ನು ಕಡೆದ. ಇಂಥದ್ದು ಇನ್ನೊಂದು ಊರಲ್ಲಿ ಆಗಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕತ್ತರಿಸಿದ. ಕಲ್ಕುಡ ವೇಣೂರಿಗೆ ಬಂದು, ಉಳಿದ ಒಂದೇ ಕೈಯಲ್ಲಿ ಅಜಿಲರಿಗೆ ಕೆಲಸ ಮಾಡಿಕೊಟ್ಟ. ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಅಣ್ಣ ತಂಗಿ ಇಬ್ಬರೂ ಇವತ್ತಿಗೂ ತುಳುನಾಡಿನ ದೈವಗಳು.

ಈಗ ಲೆಕ್ಕ ಹಾಕಿ. ಕಾರ್ಕಳದ ಮೂರ್ತಿ 1432ರದ್ದು. ವೇಣೂರಿನದ್ದಕ್ಕೂ ಅದಕ್ಕೂ 172 ವರ್ಷ ಅಂತರ. ಒಬ್ಬನೇ ಶಿಲ್ಪಿ ಎರಡನ್ನೂ ಮಾಡೋದು ಸಾಧ್ಯವಿಲ್ಲ. ಹಾಗಂತ ಪಾಡ್ದನವನ್ನು ಸುಳ್ಳು ಅಂತ ಡಿಲೀಟ್ ಮಾಡೋಣವಾ? ಇಸವಿ ತಪ್ಪಿರಬಹುದು, ಆದರೆ ದುಡಿದವನಿಗೆ ಕೊನೆಗೆ ಸಿಕ್ಕಿದ್ದೇನು ಅನ್ನೋ ಪ್ರಶ್ನೆಯನ್ನು ಉಳಿಸಿಕೊಂಡಿದ್ದು ಅದೊಂದೇ.

ಒಳ್ಳೆಯ ನೆನಪಿನ ಬರಹಕ್ಕೆ ಎರಡೂ ಬೇಕು. ಶಾಸನದ ಹಾಗೆ ಇಸವಿ ಪರೀಕ್ಷೆ ಮಾಡಬೇಕು, ಪಾಡ್ದನದ ಹಾಗೆ ಗಾಯ ಮರೆಯಬಾರದು. ಸಿದ್ಧಲಿಂಗಯ್ಯನವರ ‘ಊರು ಕೇರಿ’ ದೊಡ್ಡ ಪುಸ್ತಕವಾಗಿದ್ದು ಹೀಗೇ. ಯಾವ ಶಾಸನದಲ್ಲೂ ಹೆಸರಿಲ್ಲದ ಜನ ಅಲ್ಲಿ ನಗ್ತಾ, ನಗಿಸ್ತಾ ಓಡಾಡ್ತಾರೆ.

ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಅಜ್ಜ 1974ರ ಭೂಸುಧಾರಣೆ ಕಾಯ್ದೆಯಡಿ ಡಿಕ್ಲರೇಷನ್ ಹಾಕಿದ ಕಾಗದ ಭದ್ರವಾಗಿದೆ. ಧಣಿಗಳ ಎದುರು ನಿಲ್ಲೋ ಹಿಂದಿನ ರಾತ್ರಿ ಅಜ್ಜಿ ಏನಂದ್ರು ಅನ್ನೋದಕ್ಕೆ ಕಾಗದ ಇಲ್ಲ. ಅದು ಗೊತ್ತಿರೋರಿಗೆ ಈಗ ಎಂಬತ್ತು ದಾಟಿದೆ. ಮುಂದಿನ ಸಲ ಊರಿಗೆ ಹೋದಾಗ ಕೇಳಿ. ಇಸವಿ ತಪ್ಪು ಹೇಳಿದ್ರೆ ಆಮೇಲೆ ತಿದ್ದಬಹುದು. ಮೊದಲು ಬರೆದುಕೊಳ್ಳಿ.