ಮೊಣಕಾಲಿನ ಅಸ್ಥಿರಜ್ಜು ಗಾಯ ಮತ್ತು ಮಿದುಳು

ಮೊಣಕಾಲಿನ ಅಸ್ಥಿರಜ್ಜು, ಅಂದರೆ ಲಿಗಮೆಂಟ್, ಹರಿದಾಗ ಕೀಲಿನ ಸ್ಥಿರತೆ ಕುಂದುವುದರ ಜೊತೆಗೆ ಕಾಲಿನ ಚಲನೆಯನ್ನು ಮಿದುಳು ನಿಯಂತ್ರಿಸುವ ಕ್ರಮವೂ ಬದಲಾಗುತ್ತದೆ. ಈ ಬದಲಾವಣೆಯು ಶಸ್ತ್ರಚಿಕಿತ್ಸೆಯ ನಂತರವೂ ಉಳಿಯಬಹುದು. ಎಸಿಎಲ್ ಎಂದು ಪರಿಚಿತವಾಗಿರುವ ಮುಂಭಾಗದ ಅಡ್ಡ ಅಸ್ಥಿರಜ್ಜುವಿನ ಗಾಯದಲ್ಲಿ ಇದನ್ನು ಹೆಚ್ಚಾಗಿ ಅಧ್ಯಯನ ಮಾಡಲಾಗಿದೆ.

ಸಂವೇದನೆಯ ನಷ್ಟ

ಎಸಿಎಲ್ ತೊಡೆಯ ಮೂಳೆಯನ್ನು ಮೊಣಕಾಲಿನ ಕೆಳಗಿನ ದೊಡ್ಡ ಮೂಳೆಗೆ ಬಂಧಿಸುತ್ತದೆ. ಅದರಲ್ಲಿರುವ ನರತುದಿಗಳು ಕೀಲಿನ ಸ್ಥಾನ ಮತ್ತು ಎಳೆತದ ಮಾಹಿತಿಯನ್ನು ಬೆನ್ನುಹುರಿಯ ಮೂಲಕ ಮಿದುಳಿಗೆ ಕಳುಹಿಸುತ್ತವೆ. ರಜ್ಜು ಹರಿದಾಗ ಈ ಮಾಹಿತಿ ಕಡಿಮೆಯಾಗುತ್ತದೆ. ಊತ ಮತ್ತು ನೋವಿನಿಂದ ಬರುವ ಸಂಕೇತಗಳು ತೊಡೆಯ ಮುಂಭಾಗದ ಸ್ನಾಯುಗಳನ್ನು ತಡೆಹಿಡಿಯುತ್ತವೆ. ಆದ್ದರಿಂದ ಸ್ನಾಯುವಿಗೆ ಪೆಟ್ಟಾಗದಿದ್ದರೂ ಅದನ್ನು ಪೂರ್ಣವಾಗಿ ಬಿಗಿಗೊಳಿಸಲು ಆಗುವುದಿಲ್ಲ.

ಮಿದುಳಿನಲ್ಲಿನ ಬದಲಾವಣೆ

ಗ್ರೀಸ್‌ನ ಎಲೆನಿ ಕಾಪ್ರೆಲಿ ಮತ್ತು ಸಹೋದ್ಯೋಗಿಗಳು 2009ರಲ್ಲಿ ಪ್ರಕಟಿಸಿದ ಎಂಆರ್‌ಐ ಅಧ್ಯಯನದಲ್ಲಿ, ಎಸಿಎಲ್ ಹರಿದವರು ಮೊಣಕಾಲನ್ನು ಮಡಚಿ ಚಾಚುವಾಗ ಸಂವೇದನೆ ಮತ್ತು ಚಲನೆಗೆ ಸಂಬಂಧಿಸಿದ ಹಲವು ಭಾಗಗಳಲ್ಲಿ ಚಟುವಟಿಕೆ ತಗ್ಗಿರುವುದು, ಚಲನೆಯನ್ನು ಯೋಜಿಸುವ ಭಾಗದಲ್ಲಿ ಹೆಚ್ಚಿರುವುದು ಕಂಡುಬಂದಿತು. 2017ರಲ್ಲಿ ಅಮೆರಿಕದ ಡಸ್ಟಿನ್ ಗ್ರೂಮ್ಸ್ ಮತ್ತು ತಂಡವು, ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ದೃಶ್ಯ ಮಾಹಿತಿಯನ್ನು ಸಂಸ್ಕರಿಸುವ ಭಾಗವೊಂದು ಹೆಚ್ಚು ಸಕ್ರಿಯವಾಗಿರುವುದನ್ನು ವರದಿ ಮಾಡಿತು. ರಜ್ಜು ನೀಡುತ್ತಿದ್ದ ಅರಿವಿನ ಕೊರತೆಯನ್ನು ಮಿದುಳು ಭಾಗಶಃ ಕಣ್ಣಿನಿಂದ ತುಂಬಿಕೊಳ್ಳುತ್ತದೆ ಎಂದು ಇದನ್ನು ಅರ್ಥೈಸಲಾಗಿದೆ.

ಕ್ರೀಡೆಯಲ್ಲಿ ಇದರ ಮಹತ್ವ

ಪುತ್ತೂರು, ಸುಳ್ಯ, ಕಡಬ ಸೇರಿದಂತೆ ದಕ್ಷಿಣ ಕನ್ನಡದಲ್ಲಿ ಜನಪ್ರಿಯವಾಗಿರುವ ಕಬಡ್ಡಿಯು ಇದಕ್ಕೆ ಉತ್ತಮ ನಿದರ್ಶನ. ದಾಳಿಗಾರನು ಒಮ್ಮೆಲೇ ದಿಕ್ಕು ಬದಲಿಸುವಾಗ, ಅಥವಾ ಕಾಲು ಹಿಡಿತಕ್ಕೆ ಸಿಕ್ಕಿ ದೇಹ ತಿರುಗಿದಾಗ, ಮೊಣಕಾಲಿನ ಮೇಲೆ ತೀವ್ರ ಒತ್ತಡ ಬೀಳುತ್ತದೆ. ಆಗ ಅವನ ಕಣ್ಣು ಎದುರಾಳಿಗಳ ಮೇಲಿರುತ್ತದೆ. ಕಾಲನ್ನು ಕಾಯಲು ದೃಷ್ಟಿಗೆ ಬಿಡುವಿರುವುದಿಲ್ಲ. ಶಾಂತ ಕೊಠಡಿಯಲ್ಲಿ ಸರಿಯಾಗಿ ನಡೆಯುವ ಕಾಲು ಅಂಕಣದಲ್ಲಿ ತಪ್ಪಬಹುದಾದುದಕ್ಕೆ ಇದೂ ಒಂದು ಸಂಭಾವ್ಯ ಕಾರಣ.

ಪುನಶ್ಚೇತನ

ಸ್ನಾಯುಬಲ ಮತ್ತು ಸಮತೋಲನದ ವ್ಯಾಯಾಮಗಳ ಜೊತೆಗೆ, ಗಮನವನ್ನು ಕಾಲಿನ ಬದಲು ಹೊರಗಿನ ಗುರಿಯ ಮೇಲೆ ಇರಿಸುವ, ದೃಷ್ಟಿಯನ್ನು ಮಿತಗೊಳಿಸುವ ಹಾಗೂ ಅನಿರೀಕ್ಷಿತ ಸೂಚನೆಗೆ ಪ್ರತಿಕ್ರಿಯಿಸುವ ಅಭ್ಯಾಸಗಳನ್ನು ಹಂತಹಂತವಾಗಿ ಮಾಡಿಸಲಾಗುತ್ತದೆ. ಇವು ಭೌತಚಿಕಿತ್ಸಕರ ಮೇಲ್ವಿಚಾರಣೆಯಲ್ಲಿ ನಡೆಯಬೇಕು.

2016ರ ನಾರ್ವೆಯ ಅಧ್ಯಯನವೊಂದರಲ್ಲಿ, ಶಸ್ತ್ರಚಿಕಿತ್ಸೆಯ ನಂತರ 9 ತಿಂಗಳವರೆಗೆ ಆಟಕ್ಕೆ ಮರಳುವುದನ್ನು ತಡಮಾಡಿದ ಪ್ರತಿ ತಿಂಗಳಿಗೂ ಮರುಗಾಯದ ಪ್ರಮಾಣ ಸುಮಾರು ಅರ್ಧದಷ್ಟು ಇಳಿಯಿತು. 2022ರ ಡಿಸೆಂಬರ್ 30ರಂದು ರಸ್ತೆ ಅಪಘಾತದಲ್ಲಿ ಮೊಣಕಾಲಿನ ಅಸ್ಥಿರಜ್ಜುಗಳಿಗೆ ತೀವ್ರ ಗಾಯವಾದ ಕ್ರಿಕೆಟಿಗ ರಿಷಭ್ ಪಂತ್, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯಲ್ಲಿ ಪುನಶ್ಚೇತನ ಪಡೆದು, 14 ತಿಂಗಳ ಬಳಿಕ, 2024ರ ಮಾರ್ಚ್‌ನಲ್ಲಿ ಆಟಕ್ಕೆ ಮರಳಿದರು.