ತೆರೇಸಾ ಎಂಬ ಹೆಸರು ನಡೆದು ಬಂದ ದಾರಿ



ಒಂದೇ ಊರಿನಲ್ಲಿ ನಾಲ್ವರು ಮಲ್ಲಪ್ಪಂದಿರಿದ್ದರೆ ನಾವು ಅವರನ್ನು ಹೇಗೆ ಗುರುತಿಸುತ್ತೇವೆ? ಒಬ್ಬ ಕೆರೆ ಏರಿಯ ಮಲ್ಲಪ್ಪ, ಇನ್ನೊಬ್ಬ ಗಾಣದ ಮಲ್ಲಪ್ಪ, ಮತ್ತೊಬ್ಬ ದೊಡ್ಡ ಮಲ್ಲಪ್ಪ, ಕೊನೆಯವನು ಸಣ್ಣ ಮಲ್ಲಪ್ಪ. ಹೆಸರು ಒಂದೇ ಆದರೂ ಊರಿನವರಿಗೆ ಗೊಂದಲವಿಲ್ಲ. ಗಡಿನಾಡಿನವರಾದ ನಮಗೆ ಇದರ ಜೊತೆಗೆ ಇನ್ನೊಂದು ತೊಡಕು ಉಂಟು. ಮನೆಯಲ್ಲಿ ಕರೆಯುವ ಹೆಸರು ಒಂದು ಬಗೆ. ಶಾಲೆಯ ದಾಖಲೆಯಲ್ಲಿ, ರೇಷನ್ ಕಾರ್ಡಿನಲ್ಲಿ, ಬೇರೆ ಲಿಪಿಯಲ್ಲಿ ಬರೆದಾಗ ಅದೇ ಹೆಸರು ಮತ್ತೊಂದು ಬಗೆ. ಆದರೂ ಮನುಷ್ಯ ಒಬ್ಬನೇ.

ಕಥೋಲಿಕ ಕ್ರೈಸ್ತರ ಸಂತರ ಪಟ್ಟಿಯನ್ನು ನೋಡಿದರೆ ಅಲ್ಲಿಯೂ ಇದೇ ಪರಿಸ್ಥಿತಿ. ಫ್ರಾನ್ಸಿಸ್ ಎಂದರೆ ಯಾವ ಫ್ರಾನ್ಸಿಸ್? ಇಟಲಿಯ ಅಸ್ಸಿಸಿಯವರೋ, ಹಳೆಗೋವೆಯಲ್ಲಿ ಪಾರ್ಥಿವ ಶರೀರವನ್ನಿರಿಸಿರುವ ಫ್ರಾನ್ಸಿಸ್ ಝೇವಿಯರರೋ? ಹೀಗೆ ಒಂದೇ ಹೆಸರು ಹೊತ್ತ ಹಲವರಿದ್ದಾರೆ. ಇಂದಿನ ಭಾಷಣದಲ್ಲಿ ಅಂಥ ಒಂದೇ ಒಂದು ಹೆಸರನ್ನು ಹಿಡಿದು ಅದರ ಚರಿತ್ರೆಯನ್ನು ನೋಡೋಣ. ಆ ಹೆಸರು ತೆರೇಸಾ. ಕೊಂಕಣಿಯಲ್ಲಿ ತೆರೆಜಾ, ಮಲಯಾಳದಲ್ಲಿ ತ್ರೇಸ್ಯಾ, ಫ್ರೆಂಚಿನಲ್ಲಿ ತೆರೇಸ್, ಜರ್ಮನಿನಲ್ಲಿ ತೆರೇಸಿಯಾ.

ಮೊದಲಿಗೆ ಒಂದು ಮಾತು. ಕಥೋಲಿಕ ಧರ್ಮಸಭೆಯಲ್ಲಿ ಯಾರನ್ನಾದರೂ ಸಂತರೆಂದು ಘೋಷಿಸುವುದು ಅವರು ತೀರಿಕೊಂಡ ಮೇಲೆಯೇ. ಅದಕ್ಕೆ ವಿಚಾರಣೆ ನಡೆಯುತ್ತದೆ. ಬರಹಗಳನ್ನು ಪರಿಶೀಲಿಸುತ್ತಾರೆ, ಸಾಕ್ಷಿಗಳನ್ನು ಕೇಳುತ್ತಾರೆ. ಸಂತ ಪದವಿಗೆ ಒಂದು ಮೆಟ್ಟಿಲು ಕೆಳಗೆ ‘ಧನ್ಯ’ ಎಂಬ ಪದವಿಯಿದೆ. ಧನ್ಯರನ್ನು ಸಾಮಾನ್ಯವಾಗಿ ಅವರವರ ನಾಡಿನಲ್ಲಿ, ಅವರವರ ಮಠಗಳಲ್ಲಿ ಗೌರವಿಸುತ್ತಾರೆ; ಸಂತರನ್ನು ಜಗತ್ತಿನಾದ್ಯಂತ. ಕಾಸರಗೋಡು, ವಯನಾಡು ಕಡೆಯ ಶ್ರೋತೃಗಳು ‘ವಾಳ್ತಪ್ಪೆಟ್ಟ’, ‘ವಿಶುದ್ಧ’ ಎಂಬ ಎರಡು ಮಲಯಾಳ ಮಾತುಗಳನ್ನು ಕೇಳಿರಬಹುದು. ಅವು ಈ ಎರಡು ಮೆಟ್ಟಿಲುಗಳೇ.

ತೆರೇಸಾ ಎಂಬುದು ಸ್ಪೇನ್ ಮತ್ತು ಪೋರ್ಚುಗಲ್ ಸೀಮೆಯ ಹಳೆಯ ಹೆಸರು. ಪೋರ್ಚುಗಲ್ಲಿನ ದೊರೆ ಒಂದನೆಯ ಸಾಂಚೋನ ಮಗಳು ತೆರೇಸಾ ಎಂಬಾಕೆ ಲಿಯೋನ್ ರಾಜ್ಯದ ರಾಣಿಯಾಗಿದ್ದಳು. ಗಂಡ ಹೆಂಡಿರು ಹತ್ತಿರದ ರಕ್ತಸಂಬಂಧಿಗಳು ಎಂಬ ಕಾರಣಕ್ಕೆ ಆ ಮದುವೆ ರದ್ದಾಯಿತು. ಆಕೆ ತವರಿಗೆ ಮರಳಿ ಲೊರ್ವಾಂವ್ ಎಂಬಲ್ಲಿನ ಮಠದಲ್ಲಿ ಬಾಳಿ 1250ರಲ್ಲಿ ತೀರಿಕೊಂಡಳು. 1705ರಲ್ಲಿ ಧನ್ಯ ಪದವಿ ದೊರೆಯಿತು. ಆದರೆ ಈ ಹೆಸರು ತನ್ನ ಸೀಮೆ ದಾಟಿ ಲೋಕದ ತುಂಬ ಹರಡಿದ್ದು ಇನ್ನೊಬ್ಬ ತೆರೇಸಾರಿಂದ.

ಆಕೆಯೇ ಆವಿಲಾದ ತೆರೇಸಾ. ಮಲಯಾಳದವರು ಪ್ರೀತಿಯಿಂದ ‘ಅಮ್ಮತ್ರೇಸ್ಯಾ’ ಎನ್ನುತ್ತಾರೆ. ಸ್ಪೇನಿನ ಆವಿಲಾ ಕೋಟೆ ಕೊತ್ತಲಗಳ ಊರು. 1515ರ ಮಾರ್ಚ್ 28ರಂದು ಹುಟ್ಟಿದ ತೆರೇಸಾ 1535ರಲ್ಲಿ ಅಲ್ಲಿನ ಕಾರ್ಮೆಲ್ ಸಭೆಯ ಕನ್ಯಾಮಠವನ್ನು ಸೇರಿದರು. ಆ ಮಠ ಆಗ ಬಹಳ ದೊಡ್ಡದಾಗಿತ್ತು. ಶ್ರೀಮಂತರ ಮಕ್ಕಳಿಗೆ ಒಂದು ಸೌಕರ್ಯ, ಬಡವರ ಮಕ್ಕಳಿಗೆ ಇನ್ನೊಂದು. ತೆರೇಸಾರಿಗೆ ಇದು ಸರಿಬರಲಿಲ್ಲ. 1562ರಲ್ಲಿ ಕೆಲವೇ ಜನ ಸಂಗಾತಿಯರೊಂದಿಗೆ ಸಂತ ಜೋಸೆಫರ ಹೆಸರಿನಲ್ಲಿ ಒಂದು ಸಣ್ಣ, ಬಡ ಮಠವನ್ನು ತೆರೆದರು. ಮುಂದಿನ 20 ವರ್ಷಗಳಲ್ಲಿ ಹೇಸರಗತ್ತೆಗಳ ಗಾಡಿಯಲ್ಲಿ, ಬಿಸಿಲು ಮಳೆಯೆನ್ನದೆ ಸುತ್ತಾಡಿ ಒಟ್ಟು 17 ಮಠಗಳನ್ನು ಕಟ್ಟಿದರು. ತಮ್ಮ ಜೀವನವನ್ನು ತಾವೇ ಬರೆದರು. ಹೆಂಗಸರು ಧರ್ಮದ ವಿಷಯ ಬರೆಯುವುದನ್ನೇ ಅನುಮಾನದಿಂದ ನೋಡುತ್ತಿದ್ದ ಕಾಲ ಅದು.

1582ರ ಅಕ್ಟೋಬರ್ 4ರ ರಾತ್ರಿ ತೆರೇಸಾ ತೀರಿಕೊಂಡರು. ಮರುದಿನ ಅಕ್ಟೋಬರ್ 15! ಹಳೆಯ ಪಂಚಾಂಗವನ್ನು ಬಿಟ್ಟು ಹೊಸ ಪಂಚಾಂಗವನ್ನು ಸ್ಪೇನ್ ಒಪ್ಪಿಕೊಂಡದ್ದು ಅದೇ ರಾತ್ರಿ. ನಡುವಿನ ಹತ್ತು ದಿನಗಳು ಲೆಕ್ಕಕ್ಕೇ ಇಲ್ಲ. ಆದ್ದರಿಂದ ಅವರ ಹಬ್ಬ ಅಕ್ಟೋಬರ್ 15ಕ್ಕೆ ಬರುತ್ತದೆ. 1622ರ ಮಾರ್ಚ್ 12ರಂದು ರೋಮಿನಲ್ಲಿ ಐವರನ್ನು ಸಂತರೆಂದು ಸಾರಿದರು. ಆ ಐವರಲ್ಲಿ ಒಬ್ಬರು ಆವಿಲಾದ ತೆರೇಸಾ, ಇನ್ನೊಬ್ಬರು ನಮ್ಮ ನೆರೆಯ ಗೋವೆಯ ಫ್ರಾನ್ಸಿಸ್ ಝೇವಿಯರ್. 1970ರಲ್ಲಿ ‘ಧರ್ಮಸಭೆಯ ಆಚಾರ್ಯ’ ಎಂಬ ಗೌರವ ತೆರೇಸಾರಿಗೆ ದೊರೆಯಿತು. ಅದನ್ನು ಪಡೆದ ಮೊದಲ ಮಹಿಳೆ ಅವರೇ.

ಅವರು ತಿದ್ದಿ ಕಟ್ಟಿದ ಕಾರ್ಮೆಲ್ ಮಠದ ಪದ್ಧತಿ ನಮ್ಮ ಕರಾವಳಿಗೂ ಬಂತು. ಫ್ರಾನ್ಸಿನ ಪೋ ಎಂಬ ಪಟ್ಟಣದಿಂದ ಹೊರಟ ಕನ್ಯಾಸ್ತ್ರೀಯರು 1870ರಲ್ಲಿ ಮಂಗಳೂರಿಗೆ ಬಂದು ಕಾರ್ಮೆಲ್ ಮಠ ಸ್ಥಾಪಿಸಿದರು. ಸಮುದ್ರಯಾನದ ಕಷ್ಟದಲ್ಲಿ ಕೆಲವರು ದಾರಿಯಲ್ಲೇ ಪ್ರಾಣಬಿಟ್ಟರು.

ಫ್ರಾನ್ಸಿನಲ್ಲಿ ಈ ಹೆಸರು ಹೊಸದೊಂದು ಮುಖ ಪಡೆಯಿತು. 1870ರಲ್ಲಿ ಅಲೆನ್ಸೋನ್ ಪಟ್ಟಣದ ಮಾರ್ಟಿನ್ ದಂಪತಿಗಳಿಗೆ ತೆರೇಸ್ ಎಂಬ ಹೆಣ್ಣುಮಗು ಹುಟ್ಟಿ ಎರಡೇ ತಿಂಗಳಲ್ಲಿ ತೀರಿಕೊಂಡಿತು. 1873ರ ಜನವರಿ 2ರಂದು ಹುಟ್ಟಿದ ಮುಂದಿನ ಮಗಳಿಗೂ ಅದೇ ಹೆಸರಿಟ್ಟರು. ಕಳೆದುಕೊಂಡ ಮಗುವಿನ ಹೆಸರನ್ನು ಮುಂದಿನ ಮಗುವಿಗೆ ಇಡುವ ವಾಡಿಕೆ ನಮ್ಮ ಮನೆಗಳಿಗೂ ಹೊಸದಲ್ಲ. ಈ ತೆರೇಸ್ ತನ್ನ 15ನೆಯ ವಯಸ್ಸಿನಲ್ಲಿ ಲಿಸ್ಯೂ ಪಟ್ಟಣದ ಕಾರ್ಮೆಲ್ ಮಠ ಸೇರಿದಳು. ಕ್ಷಯರೋಗದಿಂದ 1897ರ ಸೆಪ್ಟೆಂಬರ್ 30ರಂದು ತೀರಿಕೊಂಡಾಗ ಅವಳಿಗೆ 24 ವರ್ಷ. ದೊಡ್ಡ ಕೆಲಸ ಯಾವುದನ್ನೂ ಮಾಡಲಿಲ್ಲ. ಬಟ್ಟೆ ಒಗೆಯುವಾಗ, ಮುಂಗೋಪದ ಮುದುಕಿಯ ಕೈಹಿಡಿದು ನಡೆಸುವಾಗ ಮನಸ್ಸಿನಲ್ಲಿ ಪ್ರೀತಿ ಇಟ್ಟುಕೊಳ್ಳುವುದೇ ಸಾಧನೆ ಎಂದು ಬರೆದಿಟ್ಟಳು. ಆ ಬರಹ ಮರುವರ್ಷ ಪುಸ್ತಕವಾಗಿ ದೇಶದೇಶಗಳಿಗೆ ಹಬ್ಬಿತು. 1925ರಲ್ಲಿ ಸಂತ ಪದವಿ ಬಂತು. 1927ರಲ್ಲಿ ಫ್ರಾನ್ಸಿಸ್ ಝೇವಿಯರರ ಜೊತೆಗೆ ಅವಳನ್ನೂ ಧರ್ಮಪ್ರಚಾರಕರ ಪಾಲಕ ಸಂತಳೆಂದು ಘೋಷಿಸಿದರು. ಒಬ್ಬರು ಕಡಲುಗಳನ್ನೇ ಸುತ್ತಿದವರು. ಇನ್ನೊಬ್ಬಳು ಮಠ ಸೇರಿದ ಮೇಲೆ ಹೊಸ್ತಿಲು ದಾಟದವಳು. ಕೇರಳದಲ್ಲಿ ಅವಳು ‘ಕೊಚ್ಚುತ್ರೇಸ್ಯಾ’, ‘ಚೆರುಪುಷ್ಪಂ’. ಎಂದರೆ ಪುಟ್ಟ ತೆರೇಸಾ, ಪುಟ್ಟ ಹೂವು.

ಇಲ್ಲಿಂದ ಮುಂದೆ ಹೆಸರು ಎರಡು ಕವಲಾಗಿ ನಡೆಯಿತು. ಕೆಲವರಿಗೆ ದೊಡ್ಡ ತೆರೇಸಾರಿಂದ, ಕೆಲವರಿಗೆ ಪುಟ್ಟ ತೆರೇಸಾರಿಂದ ಬಂತು. ಕೇರಳದ ತ್ರಿಶೂರು ಜಿಲ್ಲೆಯ ಪುತ್ತನ್‌ಚಿರದಲ್ಲಿ 1876ರಲ್ಲಿ ಹುಟ್ಟಿದ ಹೆಣ್ಣುಮಗುವಿಗೆ ಜ್ಞಾನಸ್ನಾನದಲ್ಲಿ ಆವಿಲಾದ ಸಂತರ ಹೆಸರನ್ನೇ ಇಟ್ಟು ತ್ರೇಸ್ಯಾ ಎಂದು ಕರೆದರು. ದೊಡ್ಡವಳಾದ ಮೇಲೆ ಆಕೆ ‘ಮರಿಯಂ’ ಎಂಬುದನ್ನು ಮುಂದೆ ಸೇರಿಸಿಕೊಂಡು ಮರಿಯಂ ತ್ರೇಸ್ಯಾ ಆದಳು. ಸಿಡುಬು, ಕುಷ್ಠ ತಗಲಿದವರನ್ನು ಮನೆಯವರೇ ದೂರವಿಡುತ್ತಿದ್ದ ದಿನಗಳಲ್ಲಿ ಅವರ ಮನೆಬಾಗಿಲಿಗೆ ಹೋಗಿ ಶುಶ್ರೂಷೆ ಮಾಡಿದಳು. 1914ರಲ್ಲಿ ಪವಿತ್ರ ಕುಟುಂಬ ಸಭೆಯನ್ನು ಸ್ಥಾಪಿಸಿ, 1926ರಲ್ಲಿ ತೀರಿಕೊಂಡಳು. 2000ದಲ್ಲಿ ಧನ್ಯ, 2019ರಲ್ಲಿ ಸಂತ. ದಕ್ಷಿಣ ಅಮೆರಿಕದ ಚಿಲಿ ದೇಶದ ಹುವಾನಾ ಫೆರ್ನಾಂಡೆಸ್ ಎಂಬ ಹುಡುಗಿ ಕಾರ್ಮೆಲ್ ಮಠ ಸೇರಿ ತೆರೇಸಾ ಎಂಬ ಹೆಸರು ತೆಗೆದುಕೊಂಡಳು. 1920ರಲ್ಲಿ, 20 ತುಂಬುವ ಮೊದಲೇ ತೀರಿಕೊಂಡಳು. 1993ರಲ್ಲಿ ಚಿಲಿಯ ಮೊದಲ ಸಂತಳಾದಳು. ಆಂಡೀಸ್ ಪರ್ವತದ ಹೆಸರು ಸೇರಿಸಿ ಅವಳನ್ನು ‘ಆಂಡೀಸಿನ ತೆರೇಸಾ’ ಎನ್ನುತ್ತಾರೆ.

ನಮಗೆಲ್ಲ ಗೊತ್ತಿರುವ ಮದರ್ ತೆರೇಸಾರ ಹುಟ್ಟುಹೆಸರು ಆಗ್ನೆಸ್ ಗೊಂಜೆ ಬೊಯಾಜಿಯು. ಹುಟ್ಟಿದ್ದು 1910ರಲ್ಲಿ, ಸ್ಕೋಪ್ಯೆ ಎಂಬ ಊರಿನ ಅಲ್ಬೇನಿಯನ್ ಕುಟುಂಬದಲ್ಲಿ. ಆಗ ಆ ಊರು ತುರ್ಕರ ಸಾಮ್ರಾಜ್ಯದಲ್ಲಿತ್ತು. ಇಂದು ಅದು ಉತ್ತರ ಮ್ಯಾಸಿಡೋನಿಯದ ರಾಜಧಾನಿ. ಊರು ಇದ್ದಲ್ಲೇ ಇದ್ದು ಗಡಿ ಮಾತ್ರ ಸರಿದ ಕಥೆ ನಮ್ಮ ಶ್ರೋತೃಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. 1929ರಲ್ಲಿ ಭಾರತಕ್ಕೆ ಬಂದ ಆಕೆ 1931ರಲ್ಲಿ ವ್ರತ ಸ್ವೀಕರಿಸುವಾಗ ಲಿಸ್ಯೂನ ಪುಟ್ಟ ತೆರೇಸಾಳ ಹೆಸರನ್ನು ಆರಿಸಿಕೊಂಡರು. ಆದರೆ ಅವರ ಸಭೆಯಲ್ಲಿ ಆಗಲೇ ಇನ್ನೊಬ್ಬ ಸಹೋದರಿ ಆ ಫ್ರೆಂಚ್ ರೂಪವನ್ನು ಇಟ್ಟುಕೊಂಡಿದ್ದರು. ಗೊಂದಲ ಬೇಡವೆಂದು ಇವರು ಸ್ಪೇನಿನ ಕಾಗುಣಿತವನ್ನು ಹಿಡಿದರು. ಹೀಗೆ ಮನಸ್ಸಿನಲ್ಲಿದ್ದದ್ದು ಪುಟ್ಟ ತೆರೇಸಾ, ಬರವಣಿಗೆಯಲ್ಲಿ ಬಂದದ್ದು ದೊಡ್ಡ ತೆರೇಸಾರ ಅಕ್ಷರ. 1950ರಲ್ಲಿ ಕಲ್ಕತ್ತೆಯಲ್ಲಿ ತಮ್ಮದೇ ಸಭೆಯನ್ನು ಆರಂಭಿಸಿದರು. 1979ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ, 1980ರಲ್ಲಿ ಭಾರತರತ್ನ ಬಂದವು. 1997ರ ಸೆಪ್ಟೆಂಬರ್ 5ರಂದು ನಿಧನರಾದರು. 2016ರಲ್ಲಿ ಸಂತ ಪದವಿ ದೊರೆಯಿತು.

ಇನ್ನು ಉಳಿದಿರುವ ಒಬ್ಬರ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಎಡಿತ್ ಸ್ಟೈನ್ ಎಂಬಾಕೆ 1891ರಲ್ಲಿ ಬ್ರೆಸ್ಲೌ ನಗರದ ಯೆಹೂದಿ ಮನೆತನದಲ್ಲಿ ಹುಟ್ಟಿದರು. ಆ ನಗರವೂ ಅಂದು ಜರ್ಮನಿಯದು, ಇಂದು ಪೋಲೆಂಡಿನದು. ಹೆಸರೂ ವ್ರೋಟ್ಸ್ವಾಫ್ ಎಂದು ಬದಲಾಗಿದೆ. ಎಡಿತ್ ತತ್ತ್ವಶಾಸ್ತ್ರ ಓದಿ 1916ರಲ್ಲಿ ಡಾಕ್ಟರೇಟ್ ಪಡೆದರು. ಬಹುಕಾಲ ಯಾವ ಧರ್ಮದಲ್ಲೂ ನಂಬಿಕೆಯಿರಲಿಲ್ಲ. 1921ರ ಬೇಸಿಗೆಯಲ್ಲಿ ಗೆಳತಿಯ ಮನೆಯಲ್ಲಿದ್ದಾಗ ಆವಿಲಾದ ತೆರೇಸಾರ ಆತ್ಮಕಥೆ ಅವರ ಕೈಗೆ ಬಂತು. ಆ ಓದು ಅವರ ದಾರಿಯನ್ನೇ ತಿರುಗಿಸಿತು. 1922ರ ಜನವರಿ 1ರಂದು ಜ್ಞಾನಸ್ನಾನ ಪಡೆದು ತೆರೇಸಿಯಾ ಎಂಬ ಹೆಸರು ಸೇರಿಸಿಕೊಂಡರು. ದೈವಭಕ್ತೆಯಾದ ಯೆಹೂದಿ ತಾಯಿಗೆ ಇದರಿಂದ ಆದ ನೋವು ಅಷ್ಟಿಷ್ಟಲ್ಲ. ಆದರೂ ಮಗಳು ಊರಿಗೆ ಹೋದಾಗ ತಾಯಿಯ ಜೊತೆಗೆ ಯೆಹೂದಿಗಳ ಪ್ರಾರ್ಥನಾ ಮಂದಿರಕ್ಕೆ ಹೋಗುತ್ತಿದ್ದರು.

1933ರಲ್ಲಿ ಹಿಟ್ಲರನ ಆಡಳಿತ ಬಂದೊಡನೆ ಯೆಹೂದಿ ಎಂಬ ಕಾರಣಕ್ಕೆ ಅವರಿಗೆ ಪಾಠ ಹೇಳುವ ಕೆಲಸ ತಪ್ಪಿತು. ಅದೇ ವರ್ಷ ಕಲೋನ್ ನಗರದ ಕಾರ್ಮೆಲ್ ಮಠ ಸೇರಿ ‘ಶಿಲುಬೆಯ ತೆರೇಸಾ ಬೆನೆದಿಕ್ತಾ’ ಆದರು. 1938ರ ಕೊನೆಯ ದಿನ ಅವರನ್ನು ರಕ್ಷಣೆಗಾಗಿ ಹಾಲೆಂಡಿನ ಎಖ್ಟ್ ಮಠಕ್ಕೆ ಗಡಿ ದಾಟಿಸಿದರು. ಆದರೆ ಹಾಲೆಂಡೂ ಜರ್ಮನ್ ಸೇನೆಯ ವಶವಾಯಿತು. 1942ರ ಜುಲೈ 26ರಂದು ಅಲ್ಲಿನ ಧರ್ಮಾಧ್ಯಕ್ಷರು ಯೆಹೂದಿಗಳ ಮೇಲಿನ ಹಿಂಸೆಯನ್ನು ಖಂಡಿಸಿದ ಪತ್ರವನ್ನು ಚರ್ಚುಗಳಲ್ಲಿ ಓದಿಸಿದರು. ಅದಕ್ಕೆ ಸೇಡೆಂಬಂತೆ ಕಥೋಲಿಕರಾದ ಯೆಹೂದಿಗಳನ್ನು ಹಿಡಿದರು. ಆಗಸ್ಟ್ 2ರಂದು ಮಠದ ಬಾಗಿಲಿಗೆ ಪೊಲೀಸರು ಬಂದರು. ಆಗಸ್ಟ್ 9ರಂದು ಆಶ್‌ವಿಟ್ಜ್ ಶಿಬಿರದಲ್ಲಿ ಅವರನ್ನೂ ಅಕ್ಕ ರೋಸಾರನ್ನೂ ಕೊಂದರು. ಹೊಸ ಹೆಸರು, ಹೊಸ ಉಡುಪು ಯಾವುದೂ ಕೊಲ್ಲುವವರ ಕಣ್ಣಿಗೆ ಬೀಳಲಿಲ್ಲ. ಹುಟ್ಟು ಮಾತ್ರ ಕಂಡಿತು. 1998ರಲ್ಲಿ ಅವರಿಗೆ ಸಂತ ಪದವಿ ಕೊಟ್ಟಾಗ, ಆಕೆ ಸತ್ತದ್ದು ಕ್ರೈಸ್ತಳೆಂದಲ್ಲ, ಯೆಹೂದಿಯೆಂದು ಎಂಬ ಆಕ್ಷೇಪವನ್ನು ಹಲವು ಯೆಹೂದಿಗಳು ಎತ್ತಿದರು. ಆ ಮಾತನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಈ ಕಥೆಗೆ ಇನ್ನೂ ಒಂದು ತಿರುವಿದೆ. 1946ರಲ್ಲಿ, ಎಂದರೆ ಎಡಿತ್ ತೀರಿಕೊಂಡ ನಾಲ್ಕು ವರ್ಷಗಳ ನಂತರ, ಸ್ಪೇನಿನ ವಿದ್ವಾಂಸರೊಬ್ಬರು ಹಳೆಯ ನ್ಯಾಯಾಲಯದ ಕಡತವೊಂದನ್ನು ಪ್ರಕಟಿಸಿದರು. ಅದು ಆವಿಲಾದ ತೆರೇಸಾರ ತಂದೆ ಮತ್ತು ಚಿಕ್ಕಪ್ಪಂದಿರು 1519ರ ಸುಮಾರಿಗೆ ತೆರಿಗೆ ವಿನಾಯಿತಿಗಾಗಿ ಹೂಡಿದ ಕುಲೀನತೆಯ ದಾವೆ. ಅದರಿಂದ ತಿಳಿದುಬಂದದ್ದು ಇಷ್ಟು. ತೆರೇಸಾರ ಅಜ್ಜ ಹುವಾನ್ ಸಾಂಚೆಸ್ ಟೊಲೆಡೊ ನಗರದ ಬಟ್ಟೆ ವ್ಯಾಪಾರಿ, ಯೆಹೂದಿ ಕುಲದಿಂದ ಮತಾಂತರಗೊಂಡವನು. ಒಳಗೊಳಗೆ ಹಳೆಯ ಧರ್ಮ ನಡೆಸುತ್ತಿದ್ದಾನೆಂಬ ಆರೋಪದ ಮೇಲೆ 1485ರಲ್ಲಿ ಇನ್‌ಕ್ವಿಜಿಷನ್ ಅವನನ್ನು ಶಿಕ್ಷಿಸಿತು. ಅಪರಾಧಿಯ ನಿಲುವಂಗಿ ತೊಟ್ಟು ಏಳು ಶುಕ್ರವಾರ ನಗರದ ಚರ್ಚುಗಳಿಗೆ ಮೆರವಣಿಗೆಯಲ್ಲಿ ನಡೆಯಬೇಕಾಯಿತು. ಆ ಮೇಲೆ ಕುಟುಂಬ ಊರು ಬಿಟ್ಟು ಆವಿಲಾಕ್ಕೆ ಬಂತು. ಹೆಂಡತಿಯ ಕಡೆಯ ‘ಸೆಪೆದಾ’ ಎಂಬ ಮನೆತನದ ಹೆಸರನ್ನು ಹಿಡಿಯಿತು. ತೆರೇಸಾ ತಮ್ಮ ಆತ್ಮಕಥೆಯಲ್ಲಿ ಈ ವಿಷಯ ಎತ್ತಿಲ್ಲ. ಆದರೆ ಕುಲದ ಹೆಮ್ಮೆಯನ್ನು ಕಂಡರೆ ಅವರಿಗಾಗುತ್ತಿರಲಿಲ್ಲ.

ಎಂದರೆ, ಯೆಹೂದಿ ಮಗಳೊಬ್ಬಳು ತನಗರಿವಿಲ್ಲದೆಯೇ ಯೆಹೂದಿಯ ಮೊಮ್ಮಗಳೊಬ್ಬಳ ಹೆಸರನ್ನು ಎತ್ತಿಕೊಂಡಿದ್ದಳು. ಒಂದು ಮನೆತನ ಜೀವ, ಮಾನ ಉಳಿಸಿಕೊಳ್ಳಲು ಹೆಸರು ಬದಲಿಸಿತು. ಎಡಿತ್ ಬದಲಿಸಿದ್ದು ಓದಿದ ಪುಸ್ತಕದ ಮೇಲಿನ ಪ್ರೀತಿಯಿಂದ. ತನ್ನ ಹುಟ್ಟನ್ನು ಎಂದೂ ಮುಚ್ಚಿಡಲಿಲ್ಲ. ಹೆಸರು ಬದಲಿಸಬೇಕಾದ ಭಯ ಒಂದು, ಹೆಸರನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯ ಇನ್ನೊಂದು. ಇವೆರಡರ ನಡುವಿನ ಅಂತರವನ್ನು ಎರಡು ಭಾಷೆಗಳ ನಡುವೆ ಬಾಳುವ ನಾವು ಬಲ್ಲೆವು.

ಮುಂದೆ ಎಲ್ಲಾದರೂ ಇಗರ್ಜಿಯಲ್ಲಿ ತೆರೇಸಾ ಎಂಬ ಹೆಸರಿನ ಚಿತ್ರ ಕಂಡರೆ ಯಾರೆಂದು ಗುರುತಿಸುವುದು ಕಷ್ಟವಲ್ಲ. ಕೈಯಲ್ಲಿ ಲೇಖನಿ, ಪುಸ್ತಕ ಇದ್ದರೆ ಆವಿಲಾದವರು. ಶಿಲುಬೆಯನ್ನೂ ಗುಲಾಬಿಗಳನ್ನೂ ಎದೆಗವಚಿಕೊಂಡಿದ್ದರೆ ಲಿಸ್ಯೂನ ಪುಟ್ಟ ತೆರೇಸಾ. ನೀಲಿ ಅಂಚಿನ ಬಿಳಿ ಸೀರೆ ಇದ್ದರೆ ಕಲ್ಕತ್ತೆಯ ತಾಯಿ. ಕನ್ಯಾಸ್ತ್ರೀಯ ಉಡುಪಿನ ಮೇಲೆ ಯೆಹೂದಿಗಳಿಗೆ ಬಲವಂತವಾಗಿ ತೊಡಿಸಿದ ಹಳದಿ ನಕ್ಷತ್ರ ಕಂಡರೆ ಒಂದು ಗಳಿಗೆ ನಿಂತು ನೋಡಿ. ಅದು ಎಡಿತ್ ಸ್ಟೈನ್.